ಕೌಂಟರಿನ ಪಕ್ಕದ ಬೋರ್ಡು

ಆ ರಂಗಮಂದಿರಕ್ಕೆ ಬರುವವರೆಲ್ಲ ಅವಳನ್ನು ಕೌಂಟರ್ ಅಕ್ಕ ಎಂದು ಕರೆಯುತ್ತಿದ್ದರು. ತಲೆ ನೆರೆತ ಮುದುಕರಿಗೂ ಅವಳು ಅಕ್ಕನೇ. ಗಂಡ ಕೂಡ ಒಂದೆರಡು ಸಲ ಬಾಯಿತಪ್ಪಿ ಮನೆಯಲ್ಲಿ ಹಾಗೇ ಕೂಗಿ ಚೆನ್ನಾಗಿ ಬೈಸಿಕೊಂಡಿದ್ದ. ಕೆಲಸಕ್ಕೆ ಸೇರಿದಾಗ ಅವಳು ಟಾರ್ಚು ಹಿಡಿಯುವವಳು. ದೀಪ ಆರಿದ ಮೇಲೆ ಓಡಿಬಂದವರನ್ನು ಕತ್ತಲಲ್ಲಿ ಸೀಟಿಗೆ ಮುಟ್ಟಿಸುವುದು, ದಾರಿಯಲ್ಲಿ ಯಾರದೋ ಕಾಲು ತುಳಿದು ಉಗಿಸಿಕೊಳ್ಳುವುದು, ಇಷ್ಟೇ ಕೆಲಸ. ಹಳೇ ಗುಮಾಸ್ತ ನಿವೃತ್ತನಾದಾಗ ಗಾಜಿನ ಹಿಂದಿನ ಕುರ್ಚಿ ಇವಳ ಪಾಲಿಗೆ ಬಂತು. ಆ ಗಾಜಿನ ಕಿಂಡಿಯನ್ನು ಯಾವ ಪುಣ್ಯಾತ್ಮ ಕೊರೆಸಿದ್ದನೋ, ಸೊಂಟದ ಮಟ್ಟಕ್ಕಿತ್ತು. ಟಿಕೆಟ್ ಬೇಕೆಂದರೆ ಎಂಥವರೂ ಬಗ್ಗಿಯೇ ಮಾತಾಡಬೇಕು. “ನನ್ನ ಮುಂದೆ ಬಗ್ಗದವರು ಈ ಊರಲ್ಲೇ ಇಲ್ಲ” ಎಂದು ಅವಳು ನಗುತ್ತಿದ್ದಳು. ಹೇಳುವುದು ತಮಾಷೆಗೇ ಆದರೂ ಒಳಗೊಳಗೆ ಅದು ಅವಳಿಗೆ ಹಿತವಾಗಿತ್ತು.

ಕೌಂಟರಿನಲ್ಲಿ ಕೂರುವುದೆಂದರೆ ಟಿಕೆಟ್ ಹರಿದು ಕೊಡುವುದು ಎಂದುಕೊಂಡವರೇ ಹೆಚ್ಚು. ನಿಜಕ್ಕೂ ಅರ್ಧ ದಿನ ಹೋಗುತ್ತಿದ್ದದ್ದು ಪದಗಳ ಅರ್ಥ ಹೇಳುವುದರಲ್ಲಿ. ಪ್ರಿವ್ಯೂ ಅಂದರೇನು, ಮ್ಯಾಟಿನಿ ಅಂದರೆ ಬೆಳಿಗ್ಗೆಯೋ ಮಧ್ಯಾಹ್ನವೋ, ಅವರಿಗೆ ಕೊಟ್ಟ ಕಾಂಪ್ಲಿಮೆಂಟರಿ ಪಾಸು ನಮಗೇಕಿಲ್ಲ. ಕ್ಯಾಲೆಂಡರಿನಲ್ಲಿ ‘ಡಾರ್ಕ್’ ಎಂದು ಬರೆದ ದಿನ ಒಬ್ಬಾತ ಜೇಬಿನಲ್ಲಿ ಟಾರ್ಚು ಇಟ್ಟುಕೊಂಡೇ ಬಂದಿದ್ದ. ಹೇಳಿ ಹೇಳಿ ಅವಳ ಗಂಟಲು ಒಣಗಿ, ಕೊನೆಗೊಂದು ದಿನ ತಾನೇ ಕೂತು ಎಲ್ಲವನ್ನೂ ಬರೆದಳು. ಪರದೆ ಬರೆಯುವ ಪೇಂಟರನನ್ನು ಕಾಡಿಬೇಡಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ ಕೌಂಟರಿನ ಪಕ್ಕಕ್ಕೆ ನೇತುಹಾಕಿಸಿದಳು.

ಅದರ ಬರವಣಿಗೆ ಹೀಗಿತ್ತು. ಹೌಸ್ ಫುಲ್: ಸೀಟು ಖಾಲಿಯಿಲ್ಲ, ಬೇಡಿಕೊಂಡರೂ ಇಲ್ಲ. ಕಾಂಪ್ಲಿಮೆಂಟರಿ: ಬಿಟ್ಟಿ ಪಾಸು, ಕೊಡುವವರು ನಾಟಕದ ತಂಡದವರು, ನನ್ನನ್ನು ಕೇಳಬೇಡಿ. ಕಂಬದ ಸೀಟು: ರಂಗದ ಒಂದು ಮೂಲೆ ಕಾಣುವುದಿಲ್ಲ, ಮೊದಲೇ ಹೇಳಿದ್ದೇನೆ, ಆಮೇಲೆ ಜಗಳ ಬೇಡ. ಡಾರ್ಕ್: ಅವತ್ತು ಶೋ ಇಲ್ಲ, ಕರೆಂಟು ಹೋಗಿದೆ ಎಂದಲ್ಲ. ಮ್ಯಾನೇಜರ್ ಓದಿ, “ಇದೇನ್ರೀ, ಬೋರ್ಡೇ ಜಗಳಕ್ಕೆ ನಿಂತ ಹಾಗಿದೆ” ಎಂದು ನಕ್ಕರು. ಆದರೆ ತೆಗೆಸಲಿಲ್ಲ. ಟಿಕೆಟ್ ಬೇಡದವರೂ ನಿಂತು ಓದಿ ಹೋಗತೊಡಗಿದರು. ಅವಳಿಗಂತೂ ಮಗುವಿಗೆ ಬಹುಮಾನ ಬಂದಷ್ಟು ಖುಷಿ.

ಬೋರ್ಡಿನ ಕೊನೆಯಲ್ಲಿ ಇನ್ನೆರಡು ಸಾಲುಗಳಿದ್ದವು. ಮುಂದೂಡಿದ ಶೋ: ನಿಮ್ಮ ಹಳೇ ಟಿಕೆಟೇ ಹೊಸ ತಾರೀಕಿಗೆ, ಅದೇ ಸೀಟಿಗೆ ನಡೆಯುತ್ತದೆ, ಬದಲಾಯಿಸಬೇಕಾಗಿಲ್ಲ. ಹೌಸ್ ಸೀಟು: ನಮ್ಮಿಂದ ತಪ್ಪಾದರೆ ನಿಮ್ಮನ್ನು ಕೂರಿಸಲು ನಾವು ಮಾರದೆ ಉಳಿಸಿಕೊಳ್ಳುವ ಎರಡು ಸೀಟು, ಯಾರಿಗೂ ಮೊದಲೇ ಕೊಡುವುದಿಲ್ಲ. ಈ ಎರಡು ಸಾಲನ್ನು ಈಗಲೇ ಹೇಳಿಟ್ಟರೆ ಒಳ್ಳೆಯದು. ಅವಳ ಮಾನ ಹೋದದ್ದು ಇವುಗಳ ನಡುವೆಯೇ.

ಅವಳ ಗಿರಾಕಿಗಳಲ್ಲಿ ಒಬ್ಬ ಗಡಿಯಾರದ ಅಜ್ಜ ಇದ್ದರು. ಬದುಕಿಡೀ ಕೈಗಡಿಯಾರ ರಿಪೇರಿ ಮಾಡಿದವರು. ಈಗ ಕಣ್ಣು ಮಂಜಾಗಿ, ಹತ್ತಿರದಲ್ಲಿದ್ದರೆ ಆಕಾರ, ಬಣ್ಣ ಅಷ್ಟೇ ತಿಳಿಯುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ನಾಟಕದ ಹುಚ್ಚು ಹಿಡಿಯಿತು. ಮೂರನೇ ಸಾಲಿನಲ್ಲಿ ಕೂತರೆ ಯಾರು ಎತ್ತ ಓಡಿದರೆಂದು ಕಾಣುತ್ತದೆ, ಮಾತಂತೂ ಕಿವಿಗೇ ಬಂದು ಬೀಳುತ್ತದೆ. ಅದಕ್ಕಿಂತ ತುಂಬಾ ಹಿಂದೆ ಹೋದರೆ ಎಲ್ಲಾ ಬರೀ ಮಸುಕು. ಹಾಗಾಗಿ ಮೂರನೇ ಸಾಲಿಗಾಗಿ ಅಜ್ಜ ಎಲ್ಲರಿಗಿಂತ ಮೊದಲು, ಹೆಂಡತಿಯ ತೋಳು ಹಿಡಿದು, ಖುದ್ದಾಗಿ ಬಂದು ಟಿಕೆಟ್ ಕೊಳ್ಳುತ್ತಿದ್ದರು. ಮನೆಯಲ್ಲಿ ಫೋನು ಗೀನು ಏನೂ ಇರಲಿಲ್ಲ. ಅಜ್ಜಿ ಟಿಕೆಟಿನ ತಾರೀಕು ನೋಡಲೆಂದು ಕನ್ನಡಕ ಹುಡುಕಿದರೆ ಅಜ್ಜ ತಡೆಯುತ್ತಿದ್ದರು. “ಅಕ್ಕ ಕೊಟ್ಟದ್ದನ್ನ ನೋಡೋದೇನೇ, ಒಳಗಿಡು.”

ಇನ್ನು ಅವಳ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ, ಸೋಫಾ ಅಂಗಡಿಯ ಯಜಮಾನತಿ. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯನ್ನು ಒತ್ತಿನೋಡಿ ಆಮೇಲೆ ಕೂರುವ ಹೆಂಗಸು. ಕೌಂಟರ್ ಅಕ್ಕ ಮದುವೆಯಾಗಿ ಬಂದ ದಿನದಿಂದ ಆಕೆಯ ಬಾಯಲ್ಲಿ ಒಂದೇ ಮಾತು. “ಪಾಪ, ನಮ್ಮ ಇವಳು ಟಿಕೆಟ್ ಹರೀತಾಳೆ.” ನೆಂಟರ ಮುಂದೆ ಆ ‘ಪಾಪ’ವನ್ನು ಒಂದಿಷ್ಟು ಎಳೆದು ಹೇಳುವುದು ಬೇರೆ. ಇವಳು ಮೇಲೆ ನಕ್ಕು ಒಳಗೆ ಕುದಿಯುತ್ತಿದ್ದಳು. ಎಂದಾದರೂ ಒಂದು ದಿನ ಈ ಮಹಾತಾಯಿಗೆ ನಾನು ಯಾರೆಂದು ತೋರಿಸಬೇಕು ಎಂಬ ಆಸೆ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು.

ಆ ದಿನವೂ ಬಂತು. ಊರೆಲ್ಲ ಮಾತಾಡುತ್ತಿದ್ದ ನಾಟಕವೊಂದರ ಕೊನೆಯ ಶೋ ಇತ್ತು. ಮುಖ್ಯ ನಟನ ಗಂಟಲು ಕಟ್ಟಿ ಅದನ್ನು ಮುಂದಿನ ವಾರಕ್ಕೆ ಹಾಕಿದರು. ಹೀಗಾದಾಗ ಕೌಂಟರಿನವಳಿಗೆ ಒಂದು ದೊಡ್ಡ ಕೆಲಸ. ಫೋನ್ ನಂಬರ್ ಕೊಟ್ಟು ಕೊಂಡವರ ಸೀಟುಗಳನ್ನು ಕಂಪ್ಯೂಟರೇ ಹೊಸ ತಾರೀಕಿಗೆ ಸಾಗಿಸುತ್ತದೆ. ಖುದ್ದಾಗಿ ಬಂದು ಕೊಂಡವರದನ್ನು ಮಾತ್ರ ಅವಳೇ ಒಂದೊಂದಾಗಿ ‘ಮಾರಿದೆ’ ಎಂದು ಗುರುತಿಸಿ ಮುಚ್ಚಬೇಕು. ಮುಚ್ಚದೇ ಬಿಟ್ಟರೆ ಅದು ಖಾಲಿ ಸೀಟೆಂದು ಇನ್ನೊಬ್ಬರಿಗೆ ಮಾರಿಹೋಗುತ್ತದೆ. ಮುಂದೂಡಿದ ಸುದ್ದಿ ಕೇಳಿ ಅಜ್ಜ ಆ ದಿನವೇ ಬಂದು ವಿಚಾರಿಸಿದ್ದರು. “ಹೊಸ ಟಿಕೆಟ್ ಬರೆಸ್ಕೋಬೇಕೇನಮ್ಮಾ?”

“ಏನೂ ಬೇಡ ಅಜ್ಜ. ಇದೇ ನಡೆಯುತ್ತೆ. ನಾನಿಲ್ವಾ? ಆರಾಮಾಗಿ ಬಂದ್ಬಿಡಿ.”

ಸೀಟು ಮುಚ್ಚಲು ಕೂತಾಗ ಓರಗಿತ್ತಿಯ ಫೋನು ಬಂತು. ಆ ನಾಟಕಕ್ಕೆ ಎಲ್ಲೂ ಟಿಕೆಟ್ ಸಿಗುತ್ತಿಲ್ಲವಂತೆ, ಅಂಗಡಿಗೆ ಬರುವ ದೊಡ್ಡ ದೊಡ್ಡ ಗಿರಾಕಿಗಳೆಲ್ಲ ನೋಡಿದ್ದಾರಂತೆ. “ನೀನೇನಾದ್ರೂ ಮಾಡೋಕಾಗುತ್ತಾ? ಪಾಪ, ನಿನ್ನ ಕೈಲಿ ಏನಿರುತ್ತೆ ಬಿಡು.”

ಆ ‘ಪಾಪ’ ಕಿವಿಗೆ ಬಿದ್ದದ್ದೇ ತಡ, ಇವಳ ಬಾಯಿಂದ ಮಾತು ಜಾರಿತು. “ಯಾಕಾಗಲ್ಲ ಅಕ್ಕ? ನೀವೂ ಭಾವನೂ ಬನ್ನಿ. ಒಳ್ಳೇ ಜಾಗದಲ್ಲೇ ಕೂರಿಸ್ತೀನಿ.” ಆಮೇಲೆ ಎಷ್ಟೋ ಹೊತ್ತು ಮಾತು ನಡೆಯಿತು, ಇವಳೂ ತನ್ನ ಕೆಲಸದ ಬಗ್ಗೆ ಕೊಚ್ಚಿಕೊಂಡಳು. ಫೋನ್ ಇಟ್ಟಾಗ ಎಲ್ಲ ಸೀಟು ಮುಚ್ಚಿ ಮುಗಿಯಿತು ಎಂದೇ ಅವಳ ಲೆಕ್ಕ. ಅಜ್ಜನ ಎರಡು ಸೀಟು ಉಳಿದುಹೋಗಿದ್ದು ಅವಳಿಗೆ ತಿಳಿಯಲೇ ಇಲ್ಲ. ಆ ಸಂಜೆಯೇ ಅವು ಮಾರಿಹೋದವು. ಇತ್ತ ಕೊಟ್ಟ ಮಾತು ಉಳಿಸಿಕೊಳ್ಳಲು ಅವಳ ಬಳಿ ಉಳಿದದ್ದು ನಾಲ್ಕನೇ ಸಾಲಿನ ಎರಡು ಹೌಸ್ ಸೀಟು ಮಾತ್ರ. ಅವನ್ನು ಓರಗಿತ್ತಿಯ ಹೆಸರಿಗೆ ಬರೆದಳು. ಒಂದೇ ಒಂದು ದಿನ ತಾನೇ, ಅವತ್ತೇ ತಪ್ಪಾಗುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶೋ ದಿನ ಓರಗಿತ್ತಿ ಗತ್ತಿನಿಂದ ಬಂದಳು. ಕೌಂಟರ್ ಅಕ್ಕ ಗಾಜಿನ ಹಿಂದಿನಿಂದ ಎದ್ದುಹೋಗಿ, ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿಸಿ, ತಾನೇ ಮುಂದೆ ನಡೆದು ಅವರನ್ನು ಕೂರಿಸಿದಳು. ಓರಗಿತ್ತಿ ಕುರ್ಚಿಯ ಕೈ ಒತ್ತಿನೋಡಿ, “ಸ್ಪಂಜು ಹಳೇದು” ಎಂದಳು. ಆದರೂ ಸುತ್ತ ನೋಡಿ, “ಪರವಾಗಿಲ್ವೇ, ನಿನ್ನ ಮಾತು ಇಲ್ಲಿ ನಡೆಯುತ್ತೆ” ಎಂದಳು. ಆ ಒಂದು ಮಾತಿಗೆ ಇವಳು ನೆಲಬಿಟ್ಟು ನಡೆಯುತ್ತ ಕೌಂಟರಿಗೆ ಬಂದಳು.

ಎರಡನೇ ಬೆಲ್ ಹೊಡೆಯಿತು. ಆಗ ಬಾಗಿಲಿನವನು ಅಜ್ಜ ಅಜ್ಜಿಯನ್ನು ಕರೆದುಕೊಂಡು ಬಂದ. “ಅಕ್ಕ, ಇವರ ಸೀಟಲ್ಲಿ ಬೇರೆಯವರು ಕೂತಿದಾರೆ. ಅವರ ಹತ್ರಾನೂ ಟಿಕೆಟ್ ಇದೆ.” ಅಷ್ಟು ಹೇಳಿ ಅವನು ತನ್ನ ಬಾಗಿಲಿಗೆ ಓಡಿದ.

ಅವಳು ಕಂಪ್ಯೂಟರ್ ನೋಡಬೇಕಾಗಿಯೇ ಇರಲಿಲ್ಲ. ಫೋನಿನಲ್ಲಿ ಕೊಚ್ಚಿಕೊಂಡ ಆ ಹೊತ್ತು ಕಣ್ಣೆದುರು ಬಂತು. ತಪ್ಪು ತನ್ನದು, ನೂರಕ್ಕೆ ನೂರು ತನ್ನದು. ಇಂಥ ತಪ್ಪಿಗೆಂದೇ ಆ ಎರಡು ಸೀಟು ಇರುವುದು. ಈಗ ಒಳಗೆ ಹೋಗಿ, “ಅಕ್ಕ, ಭಾವ, ದಯವಿಟ್ಟು ಏಳಿ” ಎನ್ನಬೇಕು, ಅಷ್ಟೇ. ಅಷ್ಟನ್ನು ಹೇಳುವುದು ಅವಳ ಕೈಲಾಗಲಿಲ್ಲ. ಓರಗಿತ್ತಿ ಎಲ್ಲರೆದುರು ಎದ್ದು ಹೊರಗೆ ಬರುವ ದೃಶ್ಯ, ಅದಾದ ಮೇಲೆ ಬದುಕಿಡೀ ಕೇಳಬೇಕಾದ ‘ಪಾಪ’ಗಳು, ಎಲ್ಲವೂ ಒಟ್ಟಿಗೆ ತಲೆಯಲ್ಲಿ ಸುತ್ತಿದವು. ಅಷ್ಟರಲ್ಲಿ ಮ್ಯಾನೇಜರ್ ಬೇರೆ ಅತ್ತ ಬಂದರು. “ಏನಾಯ್ತು?”

“ಹಳೇ ತಾರೀಕಿನ ಟಿಕೆಟ್ ಸಾರ್. ಇವರು ಬದಲಾಯಿಸ್ಕೊಂಡಿಲ್ಲ.”

ಹೇಳಿದ್ದು ತಾನೇ ಎಂದು ಅವಳಿಗೇ ನಂಬಲಾಗಲಿಲ್ಲ. ಅಷ್ಟು ಸರಾಗವಾಗಿ ಬಂದಿತ್ತು. ಶೋ ಶುರುವಾಗುವ ಗಡಿಬಿಡಿಯಲ್ಲಿದ್ದ ಮ್ಯಾನೇಜರ್ ಅರ್ಧ ಕೇಳಿ, ತಲೆಯಾಡಿಸಿ ಮುಂದೆ ಹೋದರು. ಅಜ್ಜ ಕಿಂಡಿಗೆ ಬಗ್ಗಿ, ಗಾಬರಿಯಿಂದ ಕೇಳಿದರು. “ಬದಲಾಯಿಸ್ಬೇಕಿತ್ತಾ ತಾಯಿ? ನೀನು ಬೇಡ ಅಂದ ಹಾಗಿತ್ತಲ್ಲ?”

“ಇಲ್ಲ ಅಜ್ಜ. ಬದಲಾಯಿಸ್ಕೋಬೇಕು ಅಂತಾನೇ ಹೇಳಿದ್ದೆ. ನಿಮಗೆ ಮರೆತಿರಬೇಕು.”

“ಹೌದಾ.” ಅಜ್ಜ ಬಗ್ಗಿದಲ್ಲೇ ಟಿಕೆಟನ್ನು ಮಡಿಚಿದರು. “ಇರಬೇಕು ತಾಯಿ. ಈಚೆಗೆ ಮರೆವು ಜಾಸ್ತಿ. ನಿನಗೆ ಸುಮ್ಮನೆ ತೊಂದರೆ ಕೊಟ್ಟೆ.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈಗುಳ ತಿಂದು ಬೆಳೆದವಳೇ ಅವಳು. ಆದರೆ ಮುದುಕ ತನ್ನ ಮೇಲೇ ತಪ್ಪು ಹಾಕಿಕೊಂಡಾಗ ಅವಳಿಗೆ ಮುಖ ಎತ್ತಲಾಗಲಿಲ್ಲ. ಪಕ್ಕದಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ಬೋರ್ಡಿನ ಮುಂದೆ ನಿಂತಿದ್ದರು. ತುಟಿ ಅಲ್ಲಾಡಿಸುತ್ತ ಕೆಳಗಿನ ಸಾಲುಗಳನ್ನು ಓದಿದರು. ಓದಿ ಮುಗಿಸಿ ಗಾಜಿನತ್ತ ತಿರುಗಿ ಇವಳನ್ನು ನೋಡಿದರು. ಸಿಟ್ಟಿನ ನೋಟವಲ್ಲ, ಪರಿಚಯದವರೆಂದು ಹತ್ತಿರ ಹೋಗಿ ನೋಡಿದರೆ ಬೇರೆ ಯಾರೋ ಆಗಿರುತ್ತಾರಲ್ಲ, ಅಂಥದು. ಗಂಡನ ತೋಳು ಹಿಡಿದು, “ಬನ್ನಿ, ಹೋಗೋಣ. ಬಸ್ಸು ಸಿಗುತ್ತೆ” ಎಂದರು. ಮೆಟ್ಟಿಲಿಳಿಯುವಾಗ ಒಳಗೆ ಮೂರನೇ ಬೆಲ್ ಹೊಡೆಯಿತು. ಅಜ್ಜ ಒಂದು ಗಳಿಗೆ ನಿಂತು ಕಿವಿಗೊಟ್ಟು, ಮತ್ತೆ ಇಳಿದರು.

ಇಂಟರ್ವಲ್ಲಿನಲ್ಲಿ ಓರಗಿತ್ತಿ ಸೊಂಟ ಹಿಡಿದುಕೊಂಡು ಹೊರಗೆ ಬಂದಳು. “ಆ ಕುರ್ಚೀಲಿ ಇನ್ನು ಕೂರೋಕಾಗಲ್ಲ ಕಣೇ. ನಾಟಕದಲ್ಲೂ ಬರೀ ಮಾತು. ನಾವು ಹೊರಟ್ವಿ.” ಭಾವ ಆಕಳಿಸುತ್ತ ಹಿಂದೆ ಬಂದರು. ಇವಳು ತಲೆಯಾಡಿಸಿದಳು. ಆಮೇಲೆ ಹಿಂದಿನ ಬಾಗಿಲಿನ ಪರದೆ ಸರಿಸಿ ಒಳಗೆ ನೋಡಿದಳು. ತುಂಬಿದ ಸಭಾಂಗಣದಲ್ಲಿ ನಾಲ್ಕನೇ ಸಾಲಿನ ಆ ಎರಡು ಸೀಟು ಮಾತ್ರ ಖಾಲಿ. ಓಡಿಹೋಗಿ ಬಸ್ ನಿಲ್ದಾಣ ನೋಡಿ ಬಂದಳು, ಅವರು ಎಂದೋ ಹೋಗಿಯಾಗಿತ್ತು. ನಾಟಕ ಮುಗಿಯುವವರೆಗೂ ಅವಳಿಗೆ ಆ ಸೀಟುಗಳೇ ಕಣ್ಣಿಗೆ ಹೊಡೆಯುತ್ತಿದ್ದವು. ಥೂ ನನ್ನ ಜನ್ಮವೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಳ್ಳುವುದು ಸುಲಭ, ಅದರಿಂದ ಯಾರಿಗೂ ಸೀಟು ಸಿಗಲಿಲ್ಲ.

ಮುಂದಿನ ವಾರದಲ್ಲಿ ಅವಳು ಬದುಕಿಡೀ ಕಾದಿದ್ದ ಮಾತು ಬಂತು. ಮನೆಯಲ್ಲಿ ನೆಂಟರು ಸೇರಿದ್ದಾಗ ಓರಗಿತ್ತಿ, “ನಮ್ಮ ಇವಳು ಅಲ್ಲಿ ಸಾಮಾನ್ಯದವಳಲ್ಲ, ಹೌಸ್ ಫುಲ್ ಶೋನಲ್ಲಿ ನಮ್ಮನ್ನ ಹೇಗೆ ಕೂರಿಸಿದಳು ಗೊತ್ತಾ” ಎಂದು ಎಲ್ಲರಿಗೂ ಕೇಳುವ ಹಾಗೆ ಹೊಗಳಿದಳು. ಕೌಂಟರ್ ಅಕ್ಕ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದಳು. ಗಂಡ ಹಿಂದೆಯೇ ಬಂದು, “ಏನಾಯ್ತೇ, ಹೊಗಳಿದ್ರೂ ಮುಖ ಯಾಕೆ ಹೀಗೆ?” ಎಂದ. ಅವಳು ನಲ್ಲಿ ಜೋರಾಗಿ ತಿರುಗಿಸಿದಳು.

ಬೋರ್ಡನ್ನಂತೂ ಆ ಶೋ ಆದ ಮಾರನೇ ದಿನವೇ ಇಳಿಸಿ, ಅಕ್ಷರ ಗೋಡೆಯ ಕಡೆ ಮಾಡಿ ಮೇಜಿನ ಕೆಳಗಿಟ್ಟಿದ್ದಳು. ಮೊಳೆ ಸಡಿಲವಾಗಿದೆ ಎಂದು ಮ್ಯಾನೇಜರಿಗೆ ಇನ್ನೊಂದು ಸುಳ್ಳು. ಅವರು ಸುಮ್ಮನಿರುವವರೇ? ಬಡಗಿಯನ್ನು ಕರೆಸಿ ಮತ್ತೆ ಹೊಡೆಸಿದರು, ಈ ಸಲ ಇನ್ನಷ್ಟು ಭದ್ರವಾಗಿ.

ಅದಾದ ಮೇಲೆ ಒಂದು ಬೆಳಿಗ್ಗೆ, ಹೊಸ ನಾಟಕಕ್ಕೆ ಕೌಂಟರ್ ತೆರೆದಾಗ, ಸಾಲಿನ ಮೊದಲಿಗೆ ಅಜ್ಜ ಅಜ್ಜಿ ನಿಂತಿದ್ದರು. ಅಜ್ಜ ಎಂದಿನಂತೆ ಕಿಂಡಿಗೆ ಬಗ್ಗಿ ನಕ್ಕರು.

“ಟಿಕೆಟ್ ಆಮೇಲೆ ತಾಯಿ. ಮೊದಲು ನಮ್ಮದೊಂದು ಜಗಳ ಬಗೆಹರಿಸು. ಅವತ್ತಿಂದ ಇವಳದು ಒಂದೇ ಹಟ. ಬೋರ್ಡಲ್ಲಿ ಬೇರೆ ಥರ ಬರೆದಿದೆ, ಹಳೇ ಟಿಕೆಟೇ ನಡೆಯುತ್ತೆ ಅಂತಿದೆ ಅಂತಾಳೆ. ಕೌಂಟರ್ ಅಕ್ಕ ಅಂಥೋಳಲ್ಲ, ನೀನು ಮೊದಲು ಕನ್ನಡಕ ಬದಲಾಯಿಸ್ಕೋ ಅಂದೆ. ಕೇಳಲ್ಲ. ನನಗಂತೂ ಕಾಣಲ್ಲ. ನೀನೇ ಓದಿ ಇವಳ ಬಾಯಿ ಮುಚ್ಚಿಸಮ್ಮಾ.”

ಕೌಂಟರ್ ಅಕ್ಕ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮುಖ ತಿರುಗಿಸಿ ಎದುರುಗೋಡೆಯ ಪೋಸ್ಟರ್ ನೋಡುತ್ತ ನಿಂತರು. ಬೇಕೆಂದೇ ತಿರುಗಿಸಿದ್ದು. ಹೇಗೆ ಬೇಕಾದರೂ ಓದಿಕೋ, ನಾನು ನಡುವೆ ಬಾಯಿ ಹಾಕುವುದಿಲ್ಲ ಎಂದ ಹಾಗೆ. ಹಿಂದಿನವರು ದೂರದಲ್ಲಿದ್ದರು. ಒಂದು ಶಬ್ದ ಬದಲಿಸಿ ಓದಿದರೆ ಸಾಕು, ಅಜ್ಜ ನಗುನಗುತ್ತ ಹೆಂಡತಿಯನ್ನು ಛೇಡಿಸುತ್ತ ಮನೆಗೆ ಹೋಗುತ್ತಿದ್ದರು. ಬದಲಿಸಿದ ಸಾಲು ಅವಳ ನಾಲಿಗೆಯ ತುದಿಯವರೆಗೂ ಬಂತು. ಅಷ್ಟು ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಕೂತು ಓದಲು ಮನಸ್ಸಾಗದೆ ಎದ್ದು ನಿಂತಳು. ನಿಂತರೆ ಮಾತು ಕಿಂಡಿಯಿಂದ ಹೊರಗೆ ಹೋಗುವುದಿಲ್ಲ. ಬಗ್ಗಲೇಬೇಕಾಯಿತು. ಬೋರ್ಡು ನೋಡುವ ಅಗತ್ಯ ಅವಳಿಗಿರಲಿಲ್ಲ, ಬರೆದವಳೇ ಅವಳು.

“ಮುಂದೂಡಿದ ಶೋ. ನಿಮ್ಮ ಹಳೇ ಟಿಕೆಟೇ ಹೊಸ ತಾರೀಕಿಗೆ, ಅದೇ ಸೀಟಿಗೆ ನಡೆಯುತ್ತದೆ. ಬದಲಾಯಿಸಬೇಕಾಗಿಲ್ಲ.” ದನಿ ಅಷ್ಟಕ್ಕೇ ಕುಸಿಯಿತು. “ಅಜ್ಜಿ ಹೇಳಿದ್ದೇ ಸರಿ ಅಜ್ಜ. ನೀವು ಮರೆತಿರಲಿಲ್ಲ. ನಾನೇ ನಿಮ್ಮ ಸೀಟು ಮುಚ್ಚೋದು ಬಿಟ್ಟುಬಿಟ್ಟೆ, ಅದು ಮಾರಿಹೋಯ್ತು. ಆಮೇಲೆ ಸುಳ್ಳು ಹೇಳಿದೆ.”

ಅಜ್ಜನ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯುವುದನ್ನು ಮರೆತವರ ಹಾಗೆ. “ಮುಂದೆ ಇನ್ನೂ ಒಂದು ಸಾಲಿದೆ ಅಂತಾಳಲ್ಲ ಇವಳು. ಅದನ್ನೂ ಓದು.”

ಅವಳು ಹೌಸ್ ಸೀಟಿನ ಸಾಲನ್ನೂ ಹೇಳಿದಳು. ‘ಯಾರಿಗೂ ಮೊದಲೇ ಕೊಡುವುದಿಲ್ಲ’ ಎಂಬುದನ್ನೂ ಬಿಡಲಿಲ್ಲ.

“ಅವತ್ತು ಆ ಸೀಟಲ್ಲಿ ಯಾರಿದ್ರು?”

“ನಮ್ಮ ಓರಗಿತ್ತಿ, ಭಾವ. ನಾನೇ ಕೂರಿಸಿದ್ದು.” ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ. “ಅವರನ್ನ ಏಳಿ ಅನ್ನೋಕೆ ನಾಚಿಕೆಯಾಯ್ತು ಅಜ್ಜ. ನಿಮ್ಮನ್ನ ವಾಪಸ್ ಕಳಿಸೋಕೆ ನಾಚಿಕೆಯಾಗಲಿಲ್ಲ ನೋಡಿ.”

ಅಜ್ಜ ಏನೋ ಯೋಚಿಸುತ್ತ ಗಾಜಿನ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು. ಕುಟುಕುವ ದನಿಯಾಗಿರಲಿಲ್ಲ ಅದು, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

“ಕೊನೆ ಹೇಗಿತ್ತಂತೆ ತಾಯಿ ನಾಟಕದ್ದು? ಅವರು ಹೇಳಿರಬೇಕಲ್ಲ.”

“ಅವರು ನೋಡಲಿಲ್ಲ ಅಜ್ಜ. ಅರ್ಧಕ್ಕೇ ಎದ್ದು ಹೋದ್ರು.”

ಅಜ್ಜ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಈಗ ಕಿಂಡಿಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ಅಂಗಿಯ ಗುಂಡಿಗಳಷ್ಟೇ ಕಾಣುತ್ತಿದ್ದವು. ಮೇಲಿನಿಂದ ಮಾತು ಕೇಳಿಸಿತು. “ಮೂರನೇ ಸಾಲು, ಎರಡು ಕೊಡು.” ಅವಳು ಟಿಕೆಟ್ ತೆಗೆದು, ತಾರೀಕು ನೋಡಿ, ಮತ್ತೊಮ್ಮೆ ನೋಡಿ, ಕಿಂಡಿಯಲ್ಲಿ ಮುಂದೆ ಸರಿಸಿದಳು. ಅಜ್ಜ ಕೈಯಾಡಿಸಿ ಅವನ್ನೆತ್ತಿ ಹೆಂಡತಿಯ ಕೈಗೆ ಕೊಟ್ಟರು.

“ಓದಿ ನೋಡೇ” ಎಂದರು. “ತಾರೀಕು, ಸಾಲು, ಎಲ್ಲಾನೂ ಸರಿಯಾಗಿ ಓದಿ ನೋಡು.”

ಅಜ್ಜಿ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಗಂಡನಿಗೆ ಕೇಳುವ ಹಾಗೆ ಓದತೊಡಗಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ಓದಿ ಮುಗಿಸುವವರೆಗೆ ಕೌಂಟರ್ ಅಕ್ಕ ಬಗ್ಗಿಕೊಂಡೇ ನಿಂತಿದ್ದಳು.